ನೆರೆಪ್ರೀತಿ: ಬಳಸುವ ಮೊದಲು ಓದಿ

ಅಭಿನಂದನೆಗಳು! ಸುಮಾರು ಎರಡು ಸಾವಿರ ವರ್ಷಗಳಿಂದ ವಿನ್ಯಾಸ ಬದಲಾಗದ ಉಪಕರಣವೊಂದು ನಿಮ್ಮ ಕೈಯಲ್ಲಿದೆ. ನೀವು ಇದನ್ನು ದುಡ್ಡು ಕೊಟ್ಟು ಕೊಂಡಿರಲಿಕ್ಕಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಇದು ತೊಟ್ಟಿಲಲ್ಲಿರುವಾಗಲೇ, ಜ್ಞಾನಸ್ನಾನದ ನೀರಿನ ಜೊತೆ, ಪುಕ್ಕಟೆ ಬಂದದ್ದು. ಪುಕ್ಕಟೆ ಬಂದ ಸಾಮಾನಿಗೆ ಆಗುವ ಗತಿಯೇ ಇದಕ್ಕೂ ಆಗಿದೆ. ಪೆಟ್ಟಿಗೆ ಬಿಚ್ಚದೆ ಅಟ್ಟಕ್ಕೇರಿಸಿದವರು ಬೇಕಾದಷ್ಟು ಮಂದಿ. ಮಿಕ್ಸಿಯ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ, ಮೋಟರಿನಿಂದ ಸುಟ್ಟ ವಾಸನೆ ಬಂದ ಮೇಲೆ ಹುಡುಕುತ್ತಾರೆ. ವಾಸನೆ ಬರುವ ಮೊದಲೇ ಒಮ್ಮೆ ಕಣ್ಣಾಡಿಸಲಿ ಎಂಬ ಆಸೆಯಿಂದ ಈ ಕೈಪಿಡಿ.

ಉಪಕರಣದ ಹೆಸರು: ನೆರೆಪ್ರೀತಿ. ಮಾದರಿ: ಲೂಕ 10. ಪರೀಕ್ಷೆ ನಡೆದ ಸ್ಥಳ: ಮಂಗಳೂರಿನ ಹೊರವಲಯದ ಒಂದು ಓಣಿ. ಅಲ್ಲಿ ಏಳು ಬಾಗಿಲು. ನಮ್ಮದು ಕೆಥೋಲಿಕ್ ಮನೆ, ತುಳುವಿನಲ್ಲಿ ಹೇಳುವುದಾದರೆ ಪೊರ್ಬುಗಳ ಮನೆ. ಎಡಕ್ಕೆ ಭಟ್ಟರು, ಬಲಕ್ಕೆ ಬಿಲ್ಲವರ ಮನೆ, ಎದುರಿಗೆ ಬ್ಯಾರಿಗಳು, ಅವರ ಮಹಡಿಯಲ್ಲಿ ಬಾಡಿಗೆಗೆ ಜೈನ ದಂಪತಿ, ಓಣಿಯ ತುದಿಯಲ್ಲಿ ಬಾಸೆಲ್ ಮಿಷನ್ನಿನ ಹಳೇ ಮನೆತನದ ನಿವೃತ್ತ ಟೀಚರು, ಅದರಾಚೆ ಕಟ್ಟಡ ಕೆಲಸಕ್ಕೆ ಬರುವ ಝಾರ್ಖಂಡದ ಹುಡುಗರ ತಗಡಿನ ಶೆಡ್ಡು. ಏಳೂ ಬಾಗಿಲಿನವರು ನೀರಿನ ಒಂದೇ ಪೈಪಿಗೆ ಜಗಳ ಮಾಡುತ್ತಾರೆ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಪೆಟ್ಟಿಗೆಯೊಳಗೆ ಏನೇನುಂಟು

ಒಂದು ಟ್ರೇ. ಅದರ ಮೇಲೆ ಹೊದೆಸಲು ಕ್ರೋಶಾ ಬಟ್ಟೆ, ಯಾರದೋ ಮದುವೆಗೆ ಉಡುಗೊರೆ ಬಂದದ್ದು. ಎರಡು ಕಿವಿ. ಒಂದು ನಾಲಗೆ, ಇದರ ವಾಲ್ಯೂಮನ್ನು ಕಾರ್ಖಾನೆಯಲ್ಲೇ ಜಾಸ್ತಿ ಇಟ್ಟಿರುತ್ತಾರೆ, ತಗ್ಗಿಸಿಕೊಳ್ಳಿ. ಮತ್ತೆ ಕೊಂಕಣಿಯ ಮೂರು ಶಬ್ದ: ದೇವ್ ಬರೆಂ ಕರುಂ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ, ನಾವು ಥ್ಯಾಂಕ್ಸ್ ಹೇಳುವ ಕ್ರಮ. ಈ ಬಿಡಿಭಾಗ ಬಹಳ ಗಟ್ಟಿ, ದುರ್ಬಳಕೆಗೂ ಅಷ್ಟೇ ಸುಲಭ. ಉಪಕಾರ ಮಾಡಿದವರ ಲೆಕ್ಕವನ್ನು ಸೀದಾ ದೇವರ ಖಾತೆಗೆ ವರ್ಗಾಯಿಸಿ ನಾವು ಆರಾಮ ಕೂರಬಹುದು. ದೇವರು ಒಳ್ಳೆಯದು ಮಾಡುತ್ತಾನೆ ಸರಿ, ಪಾತ್ರೆ ತೊಳೆದು ವಾಪಸು ಕೊಡಬೇಕಾದವರು ನಾವೇ ತಾನೆ?

ರಿಮೋಟ್ ಇಲ್ಲ. ಕೂತಲ್ಲಿಂದಲೇ ನಡೆಸುವ ಉಪಕರಣ ಇದಲ್ಲ. ವಾಟ್ಸಾಪಿನಲ್ಲಿ ಕಳಿಸುವ ಹಬ್ಬದ ಚಿತ್ರಗಳನ್ನು ಈ ಕೈಪಿಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೋಡಿಸುವ ಕ್ರಮ

ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ ಶುರು ಮಾಡಿ. ಆ ದಿನಗಳಲ್ಲಿ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಆಗುವ ತಿಂಡಿಗಳಿಗೆಲ್ಲ ಒಟ್ಟಾರೆ ಹೆಸರು ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ತುಕ್ಡಿ, ಹೂವಿನ ಅಚ್ಚು ಅದ್ದಿ ಕಾಯಿಸುವ ಕೊಕ್ಕಿಸ್. ಕಿಡಿಯೊ ಅಂದರೆ ಹುಳ. ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಥೇಟ್ ಹುಳದ ಹಾಗೆಯೇ ಗೆರೆ ಬೀಳುತ್ತದೆ. ಬಾಚಣಿಗೆ ಹೊಸತು ತಾನೇ ಅಂತ ಭಟ್ಟರ ಮಗಳು ಪ್ರತಿ ವರ್ಷ ಬಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಳು.

ಮೊದಲ ಕೆಲಸ ವಿಂಗಡಣೆ. ಅಮ್ಮ ಹಳೇ ಪೇಪರಿನ ಮೇಲೆ ನೆವ್ರಿಗಳನ್ನು ಸಾಲಾಗಿ ಇಟ್ಟು ನೋಡುವುದು ಚಿನ್ನದಂಗಡಿಯವನು ಬಳೆ ನೋಡಿದ ಹಾಗೆ. ಅರ್ಧಚಂದ್ರ ಸರಿಯಾಗಿದ್ದು, ಅಂಚಿನ ಜಡೆ ಬಿಚ್ಚದೆ, ಹದವಾದ ಬಣ್ಣ ಬಂದದ್ದು ಡಾಕ್ಟರರ ಮನೆಗೆ. ಸ್ವಲ್ಪ ಕೆಂಪು ಹೆಚ್ಚಾದದ್ದು ಓಣಿಯ ಮನೆಗಳಿಗೆ. ಎಣ್ಣೆಯಲ್ಲಿ ಬಾಯಿ ಬಿಟ್ಟು ಎಳ್ಳು-ಸಕ್ಕರೆ ಹೊರಗೆ ಚೆಲ್ಲಿದ್ದು, ಮುರಿದದ್ದು, ಕರಿ ಹಿಡಿದದ್ದು ಕೆಲಸಕ್ಕೆ ಬರುವವಳಿಗೆ, ಶೆಡ್ಡಿನ ಹುಡುಗರಿಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈಗೇ ಗೊತ್ತಿರುತ್ತದೆ. ಒಂದು ವರ್ಷ ನನ್ನ ತಂಗಿ, ಆಗ ಒಂಬತ್ತನೇ ಕ್ಲಾಸು, ಮುರಿದದ್ದನ್ನೆಲ್ಲ ಒಟ್ಟು ಮಾಡಿ ಡಾಕ್ಟರರ ಡಬ್ಬಿಗೆ ತುಂಬಿಸಿದಳು. ಅಮ್ಮನಿಗೆ ಗೊತ್ತಾದದ್ದು ಮೂರು ರಾಯರ ಹಬ್ಬ ಕಳೆದ ಮೇಲೆ. ಡಾಕ್ಟರು ಏನೂ ಹೇಳಲಿಲ್ಲ, ಮುಂದಿನ ಜ್ವರಕ್ಕೆ ಫೀಸು ಮಾತ್ರ ಪೂರ್ತಿ ತಗೊಂಡರು. ಆ ಗಲಾಟೆಯಿಂದ ಹುಟ್ಟಿದ ನಿಯಮ: ಮುರಿದದ್ದು ಮನೆಯವರಿಗೆ. ಎರಡು ವರ್ಷ ಸರಿಯಾಗಿ ನಡೆಯಿತು. ತಂಗಿ ಹಾಸ್ಟೆಲಿಗೆ ಹೋದ ಮೇಲೆ ಕೈ ತನ್ನ ಹಳೇ ಅಭ್ಯಾಸಕ್ಕೆ ಮರಳಿತು.

ಎರಡನೆಯದು ವೋಲ್ಟೇಜ್ ಹೊಂದಿಸುವುದು. ಎಲ್ಲ ಮನೆಗೂ ಒಂದೇ ಕರೆಂಟು ಹಾಯಿಸಿದರೆ ಎಲ್ಲೋ ಒಂದು ಕಡೆ ಫ್ಯೂಸ್ ಹೋಗುತ್ತದೆ. ಜೈನ ದಂಪತಿಗೆ ಮೊಟ್ಟೆ ಬಿದ್ದದ್ದು ಆಗದು, ಅಷ್ಟು ಎಲ್ಲರಿಗೂ ಗೊತ್ತು. ಅವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನಮಗೆ ಗೊತ್ತಾಗಲು ಮೂರು ಕ್ರಿಸ್ಮಸ್ ಬೇಕಾಯಿತು. ಅಲ್ಲಿಯವರೆಗೆ ನಾವು ರಾತ್ರಿ ಎಂಟಕ್ಕೆ ಟ್ರೇ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆವು, ಅವರು ನಗುತ್ತಾ ತಗೊಂಡು ಮುಚ್ಚಿಡುತ್ತಿದ್ದರು. ಭಟ್ಟರ ಮನೆಯದ್ದು ಬೇರೆ ಕತೆ. ಅಜ್ಜಿಯ ಕಾಲದಲ್ಲಿ ನಮ್ಮ ಒಲೆ ತಾಗಿದ ಯಾವುದೂ ಅವರ ಹೊಸ್ತಿಲು ದಾಟುತ್ತಿರಲಿಲ್ಲ. ಅವರಿಗೆ ಹೋಗುತ್ತಿದ್ದದ್ದು ಹಸಿ ತಟ್ಟೆ: ಒಂದು ಚಿಪ್ಪು ಬಾಳೆಹಣ್ಣು, ಸಿಪ್ಪೆ ಸುಲಿದ ತೆಂಗಿನಕಾಯಿ, ಸೇರು ಸಕ್ಕರೆ. ಇದು ಅವಮಾನ ಅಲ್ಲವಾ ಅಂತ ಕಾಲೇಜು ಮೆಟ್ಟಿಲು ಹತ್ತಿದ ಹುರುಪಿನಲ್ಲಿ ನಾನು ವಾದ ಮಾಡಿದ್ದೆ. ಅಜ್ಜಿ ಬಾಳೆಹಣ್ಣಿನ ತೊಟ್ಟು ಒರೆಸುತ್ತಾ ಕೇಳಿದ್ದು ಇಷ್ಟೇ: "ನೀನು ಕೊಡುವುದು ಅವರಿಗೆ ತಿನ್ನಲಿಕ್ಕಾ, ಕೊಟ್ಟೆ ಅಂತ ನಿನಗೆ ಅನ್ನಿಸಲಿಕ್ಕಾ?" ನನಗೆ ಈಗಲೂ ಅದು ಅವಮಾನವೇ. ಅಜ್ಜಿಯ ಪ್ರಶ್ನೆಗೂ ಈಗಲೂ ನನ್ನ ಹತ್ತಿರ ಉತ್ತರ ಇಲ್ಲ. ಈಗ ಅದೇ ಮನೆಯ ಮೊಮ್ಮಗ ಬೇಲಿಯ ಹತ್ತಿರ ನಿಂತು ಕೇಕ್ ಆಯ್ತಾ ಅಂತ ಕೂಗುತ್ತಾನೆ. ಅವನ ಅಜ್ಜಿ ಕಿಟಕಿಯಲ್ಲಿ ಕಾಣದ ಹಾಗೆ ನಿಂತಿರುತ್ತಾರೆ.

ಬ್ಯಾರಿ ಮನೆಯ ವೋಲ್ಟೇಜಿನ ವಿಷಯ ಇಲ್ಲಿ ಬೇಡ. ಅಲ್ಲಿ ನಮ್ಮ ಮರ್ಯಾದೆ ಹೋದದ್ದುಂಟು, ಮುಂದೆ ಹೇಳುತ್ತೇನೆ.

ಎಚ್ಚರಿಕೆಗಳು

ಕ್ಯಾಮೆರಾಕ್ಕೆ ಜೋಡಿಸಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ತಯಾರಕರ ಸ್ಪಷ್ಟ ಸೂಚನೆ ಇದೆ. ಎಡಗೈಯಲ್ಲಿ ಮೊಬೈಲ್ ಇದ್ದರೆ ಗೊತ್ತಾಗದೆ ಇರುತ್ತದೆಯೇ?

ಕರಪತ್ರದ ಜೊತೆ ಒಂದೇ ಪ್ಲಗ್ಗಿಗೆ ಹಾಕಬೇಡಿ. ಇದು ಗಂಭೀರ ಸೂಚನೆ, ಸ್ವಲ್ಪ ವಿವರಿಸಬೇಕು. ತಟ್ಟೆಯ ಅಡಿಯಲ್ಲಿ ಒಂದು ಚೀಟಿ ಇಟ್ಟರೆ, ಚೀಟಿಯಲ್ಲಿ ಎಷ್ಟೇ ಒಳ್ಳೆಯ ಮಾತಿರಲಿ, ಮೇಲಿನ ನೆವ್ರಿ ನೆವ್ರಿಯಾಗಿ ಉಳಿಯುವುದಿಲ್ಲ, ಮುಂಗಡ ಹಣ ಆಗುತ್ತದೆ. ಈ ಊರಿನಲ್ಲಿ ಅದರ ಅನುಮಾನ ಹಳೆಯದು, ಕಾರಣವೂ ಇಲ್ಲದೆ ಇಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದದ್ದು ಮತಪ್ರಚಾರಕ್ಕೆ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಅವರ ಮಾತು ಕೇಳಿ ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕಿದರು, ಕುಲಕಸುಬು ಕೈತಪ್ಪಿತು. ಅವರ ಹೊಟ್ಟೆಗೆ ದಾರಿ ಆಗಬೇಕಲ್ಲ ಎಂದು ಮಿಷನ್ ಮಗ್ಗ ಹಾಕಿತು. 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ದಯೆಯ ತಂತಿ ಯಾವುದು, ಮತಾಂತರದ ತಂತಿ ಯಾವುದು ಎಂದು ಇವತ್ತಿಗೂ ಜನ ಆ ಪ್ಲಗ್ಗನ್ನು ಬಿಚ್ಚಿ ನೋಡುತ್ತಲೇ ಇದ್ದಾರೆ. ಓಣಿಯ ತುದಿಯ ಟೀಚರಿಗೆ ಈ ವಿಷಯ ಎತ್ತಿದರೆ ಸಿಟ್ಟು ಬರುತ್ತದೆ. "ನಮ್ಮ ಹಿರಿಯರು ಹೆಂಚಿಗಾಗಿ ಕ್ರೈಸ್ತರಾದದ್ದಲ್ಲ ಮಾರಾಯ್ರೆ, ಕ್ರೈಸ್ತರಾದದ್ದಕ್ಕೆ ಹೆಂಚು ಹೊತ್ತದ್ದು" ಎನ್ನುತ್ತಾರೆ. ಅವರು ಹೊತ್ತ ಹೆಂಚಿನಂಥದ್ದೇ ಆಮೇಲೆ ಮಂಗಳೂರು ಹೆಂಚು ಎಂದು ದೇವಸ್ಥಾನ, ಮಸೀದಿ, ಇಗರ್ಜಿ ಎಂದು ನೋಡದೆ ಎಲ್ಲದರ ಮೇಲೂ ಕೂತಿತು. ಮಳೆಗಾಲದಲ್ಲಿ ಸೋರದಿದ್ದರೆ ಸಾಕು, ಹೆಂಚಿನ ಮತ ಯಾರು ಕೇಳುತ್ತಾರೆ?

ಅದೇ ಮಿಷನ್ನಿನ ಕಿಟೆಲ್ ಸಾಹೇಬರದ್ದು ನನಗೆ ಹೆಚ್ಚು ಇಷ್ಟದ ಉದಾಹರಣೆ. ಬಂದದ್ದು ಹೇಳಲಿಕ್ಕೆ, ಉಳಿದದ್ದು ಕೇಳಿಸಿಕೊಂಡದ್ದು. 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ, ಜೊತೆಗೆ ಊರವರ ಬಾಯಿಯ ಗಾದೆಗಳು. ಇದಕ್ಕೆ ನೀವು ಏನಂತೀರಿ, ಇದರ ಅರ್ಥ ಏನು ಎಂದು ವರ್ಷಗಟ್ಟಲೆ ಕಂಡಕಂಡವರನ್ನು ಕೇಳದೆ ಅಂಥ ಪುಸ್ತಕ ಆಗುವುದಿಲ್ಲ. ಅವರ ಪ್ರವಚನ ಕೇಳಿ ಎಷ್ಟು ಜನರ ಮನಸ್ಸು ತಿರುಗಿತೋ, ನಿಘಂಟು ಮಾತ್ರ ನನ್ನ ಮೇಜಿನ ಮೇಲಿದೆ, ಭಟ್ಟರ ಮೇಜಿನ ಮೇಲೂ ಇದೆ. ಪೆಟ್ಟಿಗೆಯಲ್ಲಿ ಕಿವಿ ಎರಡು, ನಾಲಗೆ ಒಂದು ಇಟ್ಟದ್ದು ಪ್ಯಾಕಿಂಗಿನ ತಪ್ಪಲ್ಲ.

ದೋಷ ನಿವಾರಣೆ

ದೋಷ: ಉಪಕರಣ ಬೇರೆ ಮತದವರ ಮನೆಯಲ್ಲಿ ಚೆನ್ನಾಗಿ ಓಡುತ್ತದೆ, ಸಂಬಂಧಿಕರ ಮನೆಗೆ ತಂದ ಕೂಡಲೇ ನಿಲ್ಲುತ್ತದೆ.

ಇದು ಸಾಮಾನ್ಯ ದೂರು. ನನ್ನ ದೊಡ್ಡಪ್ಪನ ಮಗ ಹತ್ತು ವರ್ಷದ ಹಿಂದೆ ಇಗರ್ಜಿ ಬಿಟ್ಟು ಬಿಲೀವರ್ಸ್ ಆದ. ಗೋದಲಿ ಕಟ್ಟುವುದು ತಪ್ಪು, ಮಾತೆಯ ಮೂರ್ತಿಗೆ ಹೂ ಹಾಕುವುದು ತಪ್ಪು, ಡಿಸೆಂಬರ್ 25 ಬೈಬಲಿನಲ್ಲೇ ಇಲ್ಲ ಅಂತ ಅವನ ವಾದ. ಭಟ್ಟರು ನಮ್ಮ ಹಬ್ಬ ಮಾಡದಿದ್ದರೆ ನಮಗೆ ಬೇಜಾರಿಲ್ಲ. ಇವನು ಮಾಡದಿದ್ದರೆ ಮೈ ಉರಿಯುತ್ತದೆ. ದೂರದವರ ನಂಬಿಕೆಗೆ ಗೌರವ ಕೊಡುವುದರಲ್ಲಿ ಖರ್ಚೇನೂ ಇಲ್ಲ, ಅವರು ನಮ್ಮನ್ನು ತಪ್ಪು ಅನ್ನುವುದಿಲ್ಲವಲ್ಲ. ಪರಿಹಾರ: ಅವನಿಗೆ ಕುಸ್ವಾರ್ ಕ್ರಿಸ್ಮಸ್ಸಿನ ಹೆಸರಿನಲ್ಲಿ ಕೊಡಬೇಡಿ. ಜನವರಿಯಲ್ಲಿ, ಉಳಿದದ್ದು ಅಂತ ಕೊಡಿ. ತಿನ್ನುತ್ತಾನೆ. ಹೋದ ಸಲ ಚಕ್ಕುಲಿಗೆ ಉಪ್ಪು ಕಮ್ಮಿ ಅಂತಲೂ ಹೇಳಿದ. ಅಲ್ಲಿಗೆ ದುರಸ್ತಿ ಆಯಿತು ಅಂತ ತಿಳಿಯಿರಿ.

ದೋಷ: ಮದುವೆ ಮಾತುಕತೆ ಶುರುವಾದಾಗ ಕೆಟ್ಟ ಶಬ್ದ ಬರುತ್ತದೆ. ಬಾಮೊಣ್, ಚಾರೊಡಿ, ಸುದಿರ್, ಗಾವ್ಡಿ: ಗೋವೆಯಿಂದ ಬರುವಾಗ ನಮ್ಮ ಹಿರಿಯರು ಬೇರೆ ಏನನ್ನು ಬಿಟ್ಟು ಬಂದರೋ, ಈ ಜಾತಿಗಳನ್ನು ಮಾತ್ರ ಜೋಪಾನವಾಗಿ ಗಂಟು ಕಟ್ಟಿಕೊಂಡು ಬಂದರು. ಭಾನುವಾರ ಎಲ್ಲರೂ ಒಂದೇ ರೊಟ್ಟಿ, ಸೋಮವಾರ ದಲ್ಲಾಳಿ ಬಂದಾಗ ಪಿಸುಮಾತು. ಇದಕ್ಕೆ ಬಿಡಿಭಾಗ ಸಿಗುತ್ತದೆ, ಹಾಕಿಸಿಕೊಳ್ಳುವವರು ಕಡಿಮೆ.

ದೋಷ: ಉಪಕರಣ ನಮ್ಮವರು, ಬೇರೆಯವರು ಎಂದು ತಾನೇ ಗುರುತಿಸಿ ವೇಗ ಬದಲಿಸುತ್ತದೆ. ಒಂದು ಕ್ರಿಸ್ಮಸ್ ರಾತ್ರಿಯ ಪೂಜೆಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶೆಡ್ಡಿನ ಇಬ್ಬರು ಹುಡುಗರು ಮೊಣಕಾಲೂರಿದ್ದರು. ಕೊಂಕಣಿಯ ಒಂದು ಶಬ್ದವೂ ಬಾರದೆ, ಎದ್ದು ಕೂರುವುದನ್ನು ಮಾತ್ರ ತಪ್ಪದೆ ಮಾಡುತ್ತಿದ್ದರು. ಝಾರ್ಖಂಡದಲ್ಲಿ ಆದಿವಾಸಿ ಕೆಥೋಲಿಕರು ಇದ್ದಾರೆ ಎಂದು ನಮಗೆ ಗೊತ್ತಿಲ್ಲದೆ ಏನಲ್ಲ, ಹೊಳೆದಿರಲಿಲ್ಲ. ಮಾರನೇ ಬೆಳಿಗ್ಗೆ ಅಮ್ಮ ಒಳ್ಳೆಯ ನೆವ್ರಿ ಆರಿಸಿ ಶೆಡ್ಡಿಗೆ ಕಳಿಸಿದರು, "ನಮ್ಮವರೇ ಅಂತೆ" ಎಂದು. ಇದನ್ನು ನಾನು ಗುಣದ ಪಟ್ಟಿಯಲ್ಲಿ ಬರೆಯುತ್ತಿಲ್ಲ.

ಅಧಿಕ ಒತ್ತಡದಲ್ಲಿ ಬಳಕೆ

ಮೇಲೆ ಹೇಳಿದ್ದೆಲ್ಲ ಸಾಧಾರಣ ಹವಾಮಾನಕ್ಕೆ. ಈ ಭಾಗ ಓದದೆ ಬಿಟ್ಟರೂ ಅಡ್ಡಿಯಿಲ್ಲ, ಬೇಕಾಗದೆ ಇರಲಿ.

ಬಲಗಡೆಯ ಮನೆಯ ಅಕ್ಕ ಪ್ರತಿ ಜನವರಿ ಅತ್ತೂರಿಗೆ ಹೋಗುವವರು. ಕಾರ್ಕಳದ ಹತ್ತಿರದ ಅತ್ತೂರು ಸಂತ ಲಾರೆನ್ಸರ ಇಗರ್ಜಿ. ಊರವರ ಬಾಯಲ್ಲಿ ಅದು ಹಬ್ಬ ಅಲ್ಲ, ಅತ್ತೂರು ಜಾತ್ರೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಮತದವರೂ ಉಂಟು. ಲಾರೆನ್ಸರು ರೋಮಿನಲ್ಲಿದ್ದವರು, 258ರಲ್ಲಿ ಪ್ರಾಣ ಕೊಟ್ಟವರು. ಇಗರ್ಜಿಯ ಸಂಪತ್ತು ತಂದು ಒಪ್ಪಿಸು ಎಂದು ಅಧಿಕಾರಿ ಗದರಿಸಿದಾಗ ಊರಿನ ಬಡವರನ್ನೆಲ್ಲ ಕರೆತಂದು ನಿಲ್ಲಿಸಿದರಂತೆ. ಈ ಕತೆ ನನಗೆ ಮೊದಲು ಹೇಳಿದ್ದು ಇಗರ್ಜಿಯ ಗುರುಗಳಲ್ಲ, ಬಸ್ಸಿನಲ್ಲಿ ಪಕ್ಕ ಕೂತ ಇದೇ ಅಕ್ಕ. ಚಿಕ್ಕ ಮಗನಿಗೆ ಕಾಲಿನ ತೊಂದರೆ ಇದ್ದಾಗ ಹೇಳಿಕೊಂಡ ಹರಕೆಯನ್ನು, ಮಗ ಬೈಕ್ ಓಡಿಸುವಷ್ಟು ದೊಡ್ಡವನಾದ ಮೇಲೂ ಬಿಟ್ಟಿರಲಿಲ್ಲ.

2008ರಲ್ಲಿ ಚೌತಿ ಸೆಪ್ಟೆಂಬರ್ 3ಕ್ಕೆ. ಅಕ್ಕನ ಮನೆಯಿಂದ ಎಂದಿನ ಸ್ಟೀಲ್ ಡಬ್ಬಿಯಲ್ಲಿ ಪಂಚಕಜ್ಜಾಯ, ಚಕ್ಕುಲಿ ಬಂತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಅವರ ಅತ್ತೆಯದ್ದು. ಐದು ದಿನ ಬಿಟ್ಟರೆ 8ಕ್ಕೆ ನಮ್ಮ ಮೊಂತಿ ಫೆಸ್ತ್, ತೆನೆ ಹಬ್ಬ. ಹೊಸ ಭತ್ತವನ್ನು ಹಾಲಿಗೆ ಹಾಕಿ ಕುಡಿದು, ಆ ದಿನ ಮೀನು ಮಾಂಸ ಬಿಟ್ಟು ತರಕಾರಿಯಲ್ಲೇ ಊಟ. ಡಬ್ಬಿಯನ್ನು ಆವತ್ತು ಪಾಯಸ ಹಾಕಿ ವಾಪಸು ಕೊಡುವುದಿತ್ತು, ಏನೋ ಕೆಲಸದಲ್ಲಿ ಆಗಲಿಲ್ಲ. ಮುಂದಿನ ಭಾನುವಾರ ಕೊಡೋಣ ಅಂದರು ಅಮ್ಮ.

ಮುಂದಿನ ಭಾನುವಾರ ಅಂದರೆ ಸೆಪ್ಟೆಂಬರ್ 14. ಮತಾಂತರದ ಆರೋಪ ಹೊರಿಸಿ ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದ ದಿನ. ಮಿಲಾಗ್ರಿಸ್ ಇಗರ್ಜಿಯ ಪಕ್ಕದ ಆರಾಧನಾ ಮಠಕ್ಕೂ ನುಗ್ಗಿದರು. ಮರುದಿನ ಪ್ರತಿಭಟನೆ, ಲಾಠಿ, ನಿಷೇಧಾಜ್ಞೆ. ಓಣಿಯಲ್ಲಿ ಏಳು ಬಾಗಿಲೂ ಮುಚ್ಚಿದವು. ಅಕ್ಕನ ಮಗನನ್ನು ಯಾವುದೋ ಗುಂಪಿನ ಜೊತೆ ಬೈಕಿನಲ್ಲಿ ಕಂಡವರಿದ್ದಾರೆ ಎಂಬ ಸುದ್ದಿ ಮೂರು ದಿನದಲ್ಲಿ ನಮ್ಮ ಅಡುಗೆಮನೆ ತಲುಪಿತು. ಕಂಡವರು ಯಾರು ಅಂತ ಕೇಳಿದರೆ, ಕಂಡವರನ್ನು ಕಂಡವರು. ನಿಜವೋ ಸುಳ್ಳೋ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಬೇಲಿಯಾಚೆ ಬಟ್ಟೆ ಒಣಗಿಸುವಾಗ ಅಕ್ಕ ನಮ್ಮ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ನಾಚಿಕೆಗೋ ಸಿಟ್ಟಿಗೋ, ಬೆನ್ನು ನೋಡಿ ಯಾರು ಹೇಳಬಲ್ಲರು?

ಡಬ್ಬಿ ನಮ್ಮ ಫ್ರಿಜ್ಜಿನ ಮೇಲೆ ಕೂತಿತ್ತು. ಅಕ್ಟೋಬರ್, ನವೆಂಬರ್. ಅದನ್ನು ಬರಿದಾಗಿ ವಾಪಸು ಕೊಡುವ ಹಾಗಿಲ್ಲ, ನಮ್ಮ ಕಡೆ ಖಾಲಿ ಪಾತ್ರೆ ಕೊಟ್ಟರೆ ಸಂಬಂಧ ಮುಗಿಸಿದ ಹಾಗೆ. ತುಂಬಿ ಕೊಡಲಿಕ್ಕೆ ಕೈ ಬರಲಿಲ್ಲ. ಒಂದು ದಿನ ಅಪ್ಪ ಅದನ್ನು ಕಪಾಟಿನೊಳಗೆ ಇಟ್ಟರು, ಅಮ್ಮ ತೆಗೆದು ಮತ್ತೆ ಫ್ರಿಜ್ಜಿನ ಮೇಲೆಯೇ ಇಟ್ಟರು. ಕ್ಷಮೆಯ ಬಗ್ಗೆ ಆ ತಿಂಗಳು ಇಗರ್ಜಿಯಲ್ಲಿ ಕೇಳಿದ ಪ್ರವಚನಗಳು ಬಹಳ ಚೆನ್ನಾಗಿದ್ದವು. ಮನೆಗೆ ಬಂದರೆ ಡಬ್ಬಿ.

ಕ್ರಿಸ್ಮಸ್ಸಿನ ಮುನ್ನಾದಿನ ಅಮ್ಮ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿದರು, ತುಂಬಿಸಿದರು, ನನ್ನನ್ನು ಕರೆದುಕೊಂಡು ಹೊರಟರು. ಅಕ್ಕ ಬಾಗಿಲು ತೆರೆದು ಡಬ್ಬಿ ನೋಡಿದರು. ಅಮ್ಮನ ಮುಖ ನೋಡಲಿಲ್ಲ. ಹೃದಯ ಕರಗುವ ಮಾತು ಏನಾದರೂ ಬರಬಹುದು ಎಂದು ನಾನು ಕಾದೆ. "ಎಂತ ಬಾಯಮ್ಮ, ಮೂರು ತಿಂಗಳು ನನ್ನ ಡಬ್ಬಿ ಇಟ್ಟುಕೊಂಡ್ರಿ, ಅಕ್ಕಿ ಹಿಟ್ಟು ಹಾಕಲಿಕ್ಕೆ ಡಬ್ಬಿ ಇಲ್ಲದೆ ನನಗೆ ಎಷ್ಟು ಕಷ್ಟ ಆಯ್ತು ಗೊತ್ತುಂಟಾ?" ಅಂದರು. ಅಮ್ಮ, "ನಿಮಗೆ ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?" ಅಂದರು. ಐದು ನಿಮಿಷ ಇಬ್ಬರೂ ಡಬ್ಬಿಯ ಬಗ್ಗೆಯೇ ಜೋರಾಗಿ ಮಾತಾಡಿದರು. ಮಗನ ವಿಷಯ ಆವತ್ತೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಹೊರಡುವಾಗ ಅಕ್ಕ ಕೇಳಿದ್ದು, ಈ ಸಲ ಅತ್ತೂರಿಗೆ ಯಾವ ದಿನ ರಶ್ ಕಡಿಮೆ ಅಂತ.

ಉಲ್ಟಾ ಜೋಡಣೆ

ಈವರೆಗೆ ಈ ಕೈಪಿಡಿ ಒಂದು ತಪ್ಪು ಮಾಡುತ್ತಾ ಬಂದಿದೆ, ನಿಮಗೆ ಗೊತ್ತಾಗಿರಬಹುದು. ಕೊಡುವವರು ನಾವು ಎಂದೇ ಹಿಡಿದು ಬರೆದಿದ್ದೇನೆ.

2025ರಲ್ಲಿ ರಂಜಾನ್ ಹಬ್ಬ ಮಾರ್ಚ್ 31ಕ್ಕೆ ಬಂತು, ನಮ್ಮ ಈಸ್ಟರ್ ಏಪ್ರಿಲ್ 20ಕ್ಕೆ. ಅಂದರೆ ಎದುರು ಮನೆಯ ಬಿರಿಯಾನಿ ನಮ್ಮ ತಪಸ್ಸು ಕಾಲದ ನಟ್ಟನಡುವೆ. ಅಮ್ಮ ಆ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ. ಬಿರಿಯಾನಿ ಬರುತ್ತದೆ ಎಂದು ಗೊತ್ತಿತ್ತು, ನಗುತ್ತಾ ತಗೊಂಡು ನಮಗೆ ದಾಟಿಸುವ ಏರ್ಪಾಡೂ ಆಗಿತ್ತು. ಬೆಲ್ ಆಯಿತು. ಎದುರು ಮನೆಯ ಹುಡುಗನ ಕೈಯಲ್ಲಿ ಎರಡು ಕ್ಯಾರಿಯರ್. ದೊಡ್ಡದು ನಮ್ಮೆಲ್ಲರಿಗೆ. ಚಿಕ್ಕದನ್ನು ಬೇರೆಯಾಗಿ ಎತ್ತಿ ಹಿಡಿದು, "ಇದು ಬಾಯಮ್ಮನಿಗೆ. ತುಪ್ಪದನ್ನ, ದಾಲ್. ಇದರಲ್ಲಿ ಎಂತ ಇಲ್ಲ, ಬೇರೆ ಪಾತ್ರೆಯಲ್ಲೇ ಮಾಡಿದ್ದು ಅಂತ ಹೇಳ್ಲಿಕ್ಕೆ ಹೇಳಿದ್ದಾರೆ ಉಮ್ಮ" ಅಂದ. ಒಂದು ತಿಂಗಳ ಉಪವಾಸ ಮುಗಿಸಿದ ಮನೆಯಲ್ಲಿ, ಹಬ್ಬದ ಬೆಳಿಗ್ಗೆಯ ಗಡಿಬಿಡಿಯಲ್ಲಿ, ಯಾರೋ ಒಬ್ಬರು ನಮ್ಮ ಕ್ಯಾಲೆಂಡರ್ ನೋಡಿದ್ದರು.

ಅಮ್ಮ ಆ ತುಪ್ಪದನ್ನ ತಿನ್ನುತ್ತಾ ಅರ್ಧಕ್ಕೆ ನಿಲ್ಲಿಸಿದರು. ಮುಖದ ಬಣ್ಣ ಹೋಗಿತ್ತು. "ನಮ್ಮ ಕೇಕಿಗೆ ರಮ್ ಹಾಕ್ತೇವಲ್ಲ" ಅಂದರು.

ಅಕ್ಟೋಬರಿನಲ್ಲೇ ಒಣದ್ರಾಕ್ಷಿ, ಖರ್ಜೂರ ಎಲ್ಲ ಭರಣಿಯಲ್ಲಿ ರಮ್ಮಿಗೆ ಹಾಕಿ ಮುಚ್ಚಿಟ್ಟು, ಡಿಸೆಂಬರಿನಲ್ಲಿ ತೆಗೆಯುವುದು ನಮ್ಮ ಮನೆಯ ಹೆಮ್ಮೆ. ಆ ಕೇಕನ್ನು ಹದಿನೆಂಟು ವರ್ಷ ಎದುರು ಮನೆಗೆ ಕಳಿಸಿದ್ದೇವೆ. ಅಮ್ಮ ಸಂಜೆಯೇ ಹೋದರು. ಏನು ಮಾತಾಯಿತು ಎಂದು ಬಂದ ಮೇಲೆ ಹೇಳಿದರು. ಉಮ್ಮನಿಗೆ ಮೊದಲ ವರ್ಷವೇ ಗೊತ್ತಾಗಿತ್ತಂತೆ, ಮುಚ್ಚಳ ತೆಗೆದ ಕೂಡಲೇ ವಾಸನೆ ಬರುತ್ತದಲ್ಲ. ಮತ್ತೆ ಎಂತ ಮಾಡ್ತಿದ್ರಿ ಅಂತ ಅಮ್ಮ ಕೇಳಿದರು. "ಶೆಡ್ಡಿನ ಹುಡುಗರಿಗೆ ಕೊಡ್ತಿದ್ದೆ ಬಾಯಮ್ಮ. ಅವರಿಗೆ ನಿಮ್ಮ ಮನೆಯಿಂದ ಬರೇ ತುಂಡು ತುಂಡು ಬರುವುದು. ಕೇಕ್ ಆದ್ರೆ ಇಡೀ ಇತ್ತಲ್ಲ."

ಅಮ್ಮ ಆ ರಾತ್ರಿ ಜಪಮಾಲೆ ಹಿಡಿದು ಬಹಳ ಹೊತ್ತು ಕೂತಿದ್ದರು. ಪ್ರಾರ್ಥಿಸುತ್ತಿದ್ದರೋ ಹದಿನೆಂಟು ಕೇಕಿನ ಲೆಕ್ಕ ಹಾಕುತ್ತಿದ್ದರೋ ನಾನು ಕೇಳಲಿಲ್ಲ.

ನಾನು ಲೂಕ 10ನ್ನು ಮತ್ತೆ ಓದಿದ್ದು ಆಮೇಲೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ, ಸುಮಾರು ಒಂದು ಸಾವಿರ ಮೀಟರ್ ಇಳಿಜಾರು. ನಮ್ಮ ಚಾರ್ಮಾಡಿ ಘಾಟಿಯ ಹಾಗೆ, ಮರ ಒಂದೂ ಇಲ್ಲದ್ದು ಎಂದು ಕಲ್ಪಿಸಿಕೊಳ್ಳಿ. ಕಳ್ಳರು ಬಡಿದು ಹಾಕಿದ ಒಬ್ಬ ಮನುಷ್ಯ. ಯಾಜಕ ದಾಟಿ ಹೋದ, ಲೇವಿಯ ದಾಟಿ ಹೋದ, ಸಮಾರಿಯದವನು ನಿಂತ. ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ, ಛತ್ರಕ್ಕೆ ಸಾಗಿಸಿದ, ಎರಡು ದಿನದ ಕೂಲಿಯಷ್ಟು ದುಡ್ಡು ಕೊಟ್ಟು, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಎಂದು ತನ್ನ ಕೆಲಸಕ್ಕೆ ಹೋದ. ಉಪದೇಶ ಇಲ್ಲ. ದೋಸ್ತಿಯೂ ಇಲ್ಲ. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ನಾಟಕ ಆಡಿಸುವಾಗ ಎಲ್ಲ ಮಕ್ಕಳಿಗೂ ಸಮಾರಿಯದವನ ಪಾತ್ರವೇ ಬೇಕು, ಬಿದ್ದವನ ಪಾತ್ರಕ್ಕೆ ಯಾರೂ ಒಪ್ಪುತ್ತಿರಲಿಲ್ಲ. ಅದು ಕೊನೆಗೆ ಬರುವುದು ನನ್ನ ಪಾಲಿಗೆ. ಮಾತು ಒಂದೂ ಇಲ್ಲ, ಬರೀ ಮಲಗಿರಬೇಕು.

ಆದರೆ ಕತೆ ಕೇಳುತ್ತಾ ಎದುರಿಗೆ ಕೂತಿದ್ದವರು ಯೆಹೂದ್ಯರು. ಸಮಾರಿಯದವರ ಜೊತೆ ಪಾತ್ರೆಪಗಡೆಯ ವ್ಯವಹಾರವೂ ಇಲ್ಲದವರು. ಅವರಿಗೆ ಆ ಕತೆಯಲ್ಲಿ ತಮ್ಮವನು ಎಂದು ಕಾಣುತ್ತಿದ್ದದ್ದು ನೆಲದ ಮೇಲೆ ಬಿದ್ದವನು. ಯಾರ ಕೈಯ ನೀರನ್ನೂ ಮುಟ್ಟುತ್ತಿರಲಿಲ್ಲವೋ ಅವನ ಕೈಯ ಎಣ್ಣೆ ಈಗ ಮೈಮೇಲೆ. ಕೊನೆಗೆ, ಬಿದ್ದವನಿಗೆ ನೆರೆಯವನು ಆದದ್ದು ಯಾರು ಎಂದು ಯೇಸು ಕೇಳಿದಾಗ, ನನ್ನ ನೆರೆಯವನು ಯಾರು ಎಂದು ಮೊದಲು ಪ್ರಶ್ನೆ ಎತ್ತಿದ್ದ ಶಾಸ್ತ್ರಿಯ ಬಾಯಲ್ಲಿ ಸಮಾರಿಯದವನು ಎಂಬ ಶಬ್ದವೇ ಹೊರಡುವುದಿಲ್ಲ, ಕರುಣೆ ತೋರಿಸಿದವನು ಎಂದು ಸುತ್ತಿ ಬಳಸಿ ಹೇಳುತ್ತಾನೆ. ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಅಮ್ಮ ಕೂಡ ಎದುರು ಮನೆಯಿಂದ ಬಂದ ಮೇಲೆ ಒಂದು ವಾರ ಬರೀ "ಅವರು" ಅನ್ನುತ್ತಿದ್ದರು.

ಈಗ ಎರಡು ಕೇಕ್ ಆಗುತ್ತವೆ. ರಮ್ ಇಲ್ಲದ್ದರ ನೆತ್ತಿಯಲ್ಲಿ ಗುರುತಿಗೆ ಒಂದು ಗೋಡಂಬಿ. ಹೋದ ಡಿಸೆಂಬರಿನಲ್ಲಿ ಗೋಡಂಬಿಯ ಕೇಕ್ ತಗೊಂಡು ಹೋದಾಗ ಉಮ್ಮ ಮುಚ್ಚಳ ತೆಗೆದು ಮೂಸಿ ನೋಡಿದರು, ನಮ್ಮೆದುರೇ.

ಬಿಡಿಭಾಗಗಳು

ಅಕ್ಕನ ಸ್ಟೀಲ್ ಡಬ್ಬಿ ಚೌತಿಯಿಂದ ಕ್ರಿಸ್ಮಸ್ಸಿಗೆ, ಕ್ರಿಸ್ಮಸ್ಸಿನಿಂದ ಬಿಸುವಿಗೆ ಇನ್ನೂ ಓಡಾಡುತ್ತಿದೆ. ತಳ ಸ್ವಲ್ಪ ತಗ್ಗಿದೆ. ಅದನ್ನು ತಿಕ್ಕುವಾಗ ಮೊನ್ನೆ ಗಮನಿಸಿದೆ, ಡಬ್ಬಿ ಅವರದ್ದೇ ಆದರೂ ಮುಚ್ಚಳದ ಮೇಲೆ ಕೊರೆದದ್ದು ಅಮ್ಮನ ಹೆಸರು. ಯಾವ ವರ್ಷ ಅದಲುಬದಲಾಯಿತೋ ಗೊತ್ತಿಲ್ಲ. ಅವರ ಅತ್ತೆಯ ಹೆಸರಿನ ಮುಚ್ಚಳ ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿಯ ಮೇಲಿತ್ತು. ಎರಡೂ ಸರಿಯಾಗಿಯೇ ಕೂರುತ್ತವೆ, ಅಕ್ಕನ ಡಬ್ಬಿಯದ್ದು ಮಾತ್ರ ತೆಗೆಯುವಾಗ ಒಂದು ಸಲ ಗುದ್ದಬೇಕು.